ಹಾರದ ಹಕ್ಕಿ, ಬಲೆ ನೇಯದ ಜೇಡ

ನನ್ನ ಮೊದಲ ಕೆಲಸ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಡೆಮಾನ್‌ಸ್ಟ್ರೇಟರ್ ಅಂತ. ಸೇರಿದ ಎರಡನೇ ತಿಂಗಳಿಗೇ ಮ್ಯೂಸಿಯಂ ಕೋಣೆಯ ಬಾಟಲಿಗಳನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಆರು ಬಾಟಲಿ ಜೇಡಗಳು. ಸ್ಪಿರಿಟ್ ಹಳದಿಗಟ್ಟಿತ್ತು, ಒಳಗಿದ್ದ ಚೀಟಿಗಳು ಮೆತ್ತಗಾಗಿದ್ದವು. ಜೋಪಾನವಾಗಿ ಒಂದೊಂದೇ ಚೀಟಿ ತೆಗೆದು, ಮೇಜಿನ ಮೇಲೆ ಸಾಲಾಗಿ ಇಟ್ಟೆ. ಬೇಗ ಒಣಗಲಿ ಅಂತ ಫ್ಯಾನ್ ಹಾಕಿ ಹೊಸ ಸ್ಪಿರಿಟ್ ತರಲು ಹೋದೆ. ಬರುವಷ್ಟರಲ್ಲಿ ಆರೂ ಚೀಟಿ ಆರು ದಿಕ್ಕಿಗೆ.

ನಮ್ಮ ಹೆಡ್ ಹಳೇ ಕಾಲದವರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಯಾವುದು ಯಾವುದರದ್ದಮ್ಮಾ?" ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು, ಆರು ಹೊಸ ಚೀಟಿ ಕತ್ತರಿಸಿ, ಆರರ ಮೇಲೂ ಒಂದೇ ವಾಕ್ಯ ಬರೆದರು: "ಜೇಡ. ಸಿಕ್ಕಿದ ಊರು ಗೊತ್ತಿಲ್ಲ." ಯಾರೋ ಯಾವ ಕಾಲದಲ್ಲೋ ಮಳೆಯಲ್ಲಿ ನೆನೆದು ಹಿಡಿದು ತಂದಿದ್ದ ಜೇಡಗಳು. ನನ್ನ ಒಂದು ಸ್ವಿಚ್‌ನಿಂದ ಅವು ಯಾವ ಊರಿನವೂ ಅಲ್ಲದಂತಾದವು.

ಈ ಹಳೇ ಸಂಕಟ ಈಗ ಯಾಕೆ ನೆನಪಾಯ್ತು ಅಂದ್ರೆ, ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ನಮ್ಮೂರ ಕೆರೆಯ ಗುಳುಮುಳುಕದ ಬಗ್ಗೆ ಬರೆದಿದ್ದೆ. ಅದರ ನೆಂಟರಿಷ್ಟರು ಯಾರ‍್ಯಾರು ಅಂತ ಹುಡುಕುತ್ತಾ ಹೋದಾಗ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಒಂದು ಗುಳುಮುಳುಕ ಸಿಕ್ಕಿತು. ಹಾರಲಾರದ ಗುಳುಮುಳುಕ! ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿರುವ ಹುನಿನ್ ಎಂಬ ಒಂದೇ ಒಂದು ಸರೋವರದಲ್ಲಿ ಅದರ ವಾಸ. ಶಾಸ್ತ್ರೀಯ ಹೆಸರು ಪೊಡಿಸೆಪ್ಸ್ ತಚನೋವ್ಸ್ಕೀ. ಯಾರಪ್ಪಾ ಈ ತಚನೋವ್ಸ್ಕಿ ಅಂತ ಹುಡುಕಿದರೆ ಅದೇ ಹೆಸರು ಒಂದು ಜೇಡದ ಮೇಲೂ ಕೂತಿದೆ, ತಚನೋವ್ಸ್ಕಿಯಾ ಅಂತ. ಹಕ್ಕಿಗೂ ಜೇಡಕ್ಕೂ ಒಬ್ಬನೇ ಮನುಷ್ಯನ ಹೆಸರಾ? ನನ್ನಂಥವಳಿಗೆ ಆ ರಾತ್ರಿ ನಿದ್ದೆ ಬರಲು ಇನ್ನೇನು ಅಡ್ಡಿ ಬೇಕು ಹೇಳಿ.

ವ್ಲಾಡಿಸ್ಲಾವ್ ತಚನೋವ್ಸ್ಕಿ ಪೋಲೆಂಡಿನವರು. ಹುಟ್ಟಿದ್ದು 1819ರಲ್ಲಿ. ಆಗ ಪೋಲೆಂಡ್ ಅನ್ನುವ ಸ್ವತಂತ್ರ ದೇಶವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಅದನ್ನು ಹಂಚಿಕೊಂಡಿದ್ದರು. ವಾರ್ಸಾ ನಗರ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಅಲ್ಲಿನ ಪ್ರಾಣಿ ಸಂಗ್ರಹಾಲಯಕ್ಕೆ 1855ರಲ್ಲಿ ಸಹಾಯಕರಾಗಿ ಸೇರಿದ ಈ ಮನುಷ್ಯ, ಕೆಲವೇ ವರ್ಷಗಳಲ್ಲಿ ಅದರ ಪಾಲಕರಾದರು. 1890ರಲ್ಲಿ ಸಾಯುವ ತನಕ ಅದೇ ಸಂಗ್ರಹಾಲಯ ಅವರ ಲೋಕ. ಒಮ್ಮೆ ಆಲ್ಜೀರಿಯಾಕ್ಕೆ ಹೋಗಿ ಹಕ್ಕಿ ಸಂಗ್ರಹಿಸಿ ಬಂದಿದ್ದುಂಟು. ಆದರೆ ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಪೆರುವಿನ ಹಕ್ಕಿಗಳಿಂದ. ಆ ಪೆರುವಿಗೆ ಅವರು ಕಾಲೇ ಇಟ್ಟವರಲ್ಲ.

ಹಾಗಾದ್ರೆ ಹೇಗೆ? ಇಲ್ಲೇ ಇರೋದು ಕಥೆ. 1863ರಲ್ಲಿ ಪೋಲೆಂಡಿನವರು ರಷ್ಯಾದ ವಿರುದ್ಧ ದಂಗೆ ಎದ್ದರು. ದಂಗೆ ಸೋತಿತು. ತಚನೋವ್ಸ್ಕಿಯವರ ಸ್ನೇಹಿತ ಬೆನೆಡಿಕ್ಟ್ ದಿಬೋವ್ಸ್ಕಿ ಎಂಬ ವಿಜ್ಞಾನಿಯನ್ನು ಸೈಬೀರಿಯಾಕ್ಕೆ ಗಡಿಪಾರು ಮಾಡಿದರು. ಆ ಪುಣ್ಯಾತ್ಮ ಅಲ್ಲೂ ಸುಮ್ಮನೆ ಕೂರಲಿಲ್ಲ. ಬೈಕಲ್ ಸರೋವರದ ಜೀವಿಗಳನ್ನು ಅಧ್ಯಯನ ಮಾಡಿದ, ಹಕ್ಕಿ ಹಿಡಿದು ವಾರ್ಸಾಗೆ ಕಳಿಸಿದ. ಇನ್ನೊಬ್ಬ, ಕಾನ್‌ಸ್ಟಾಂಟಿನ್ ಯೆಲ್ಸ್ಕಿ, ಅದೇ ದಂಗೆಯ ವರ್ಷ ದೇಶ ಬಿಟ್ಟು ಓಡಿದವನು. ತಿರುಗಿ ತಿರುಗಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಸೇರಿದ, ಅಲ್ಲಿಂದ ಪೆರುವಿಗೆ. ಅವನಿಂದಲೂ ಪೆಟ್ಟಿಗೆಗಳು ಬಂದವು. ಅವನ ನಂತರ 1875ರಲ್ಲಿ ಯಾನ್ ಸ್ಟೋಲ್ಜ್‌ಮನ್ ಎಂಬ ಹುಡುಗ ಪೆರುವಿಗೆ ಹೊರಟ. ಇವರ ಖರ್ಚಿಗೆ ಬ್ರಾನಿಟ್ಸ್ಕಿ ಎಂಬ ಶ್ರೀಮಂತ ಮನೆತನ ಹಣ ಕೊಡುತ್ತಿತ್ತು. ಒಬ್ಬ ಗಡಿಪಾರಾದವನು, ಒಬ್ಬ ಓಡಿಹೋದವನು, ಒಬ್ಬ ಸಾಹಸಿ. ಎಲ್ಲರ ಪೆಟ್ಟಿಗೆಯೂ ಹಡಗು, ಗಾಡಿ ಹತ್ತಿ ಕೊನೆಗೆ ತೆರೆದುಕೊಳ್ಳುತ್ತಿದ್ದದ್ದು ಊರಲ್ಲೇ ಕೂತಿದ್ದ ಈ ಮನುಷ್ಯನ ಮೇಜಿನ ಮೇಲೆ.

ಕೂತಲ್ಲೇ ಮಾಡೋ ಕೆಲಸ ಸುಲಭ ಅಂತ ಅನ್ನಿಸಬಹುದು. ಅಲ್ಲ. ಹಕ್ಕಿಯಾದರೆ ಚರ್ಮ ಬಿಡಿಸಿ ಹತ್ತಿ ತುಂಬಿ ಕಳಿಸುತ್ತಾರೆ, ಗರಿಯ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಕಣ್ಣಿನ ಬಣ್ಣ? ಕಾಲಿನ ಬಣ್ಣ? ಕೂಗು? ಅದೆಲ್ಲ ಹಿಡಿದವನು ಚೀಟಿಯಲ್ಲಿ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೇಡದ್ದು ಇನ್ನೂ ಫಜೀತಿ. ಸ್ಪಿರಿಟ್‌ನಲ್ಲಿ ಮುಳುಗಿದ ಕೆಲವೇ ದಿನಕ್ಕೆ ಹಸಿರು ಜೇಡ ಬಿಳಚಿಕೊಳ್ಳುತ್ತದೆ, ಕೆಂಪಿನದ್ದು ಮಾಸುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ, ತೋಟದಲ್ಲಿ ಒಡವೆ ಥರ ಹೊಳೆಯುತ್ತಿದ್ದದ್ದು ಬಾಟಲಿಯಲ್ಲಿ ಬೇಯಿಸಿದ ಶಾವಿಗೆ ಚೂರಿನ ಹಾಗೆ. ಆಮೇಲೆ ಉಳಿಯುವುದು ಎಂಟು ಕಣ್ಣುಗಳು ಕೂತಿರುವ ರೀತಿ, ಕಾಲಿನ ಮುಳ್ಳು, ಗಂಡಿನ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿಯ ಆಕಾರ, ಇಂಥವೇ. ಇವನ್ನು ನೋಡಿ ನೋಡಿ, ಅಳೆದು, "ಇದು ಈವರೆಗೆ ಯಾರೂ ಹೆಸರಿಡದ ಜೇಡ" ಅಂತ ಹೇಳಬೇಕು. ಹೇಳಿದ್ದು ತಪ್ಪಾದರೆ ಮುಂದಿನ ನೂರು ವರ್ಷ ಜನ ಅದನ್ನು ತಿದ್ದುತ್ತಾ ಕೂರುತ್ತಾರೆ. ಯೆಲ್ಸ್ಕಿ ಗಯಾನಾದಿಂದ ಕಳಿಸಿದ ಜೇಡಗಳ ಮೇಲೆ ತಚನೋವ್ಸ್ಕಿ 1870ರ ದಶಕದಲ್ಲಿ ಸಾಲು ಲೇಖನ ಬರೆದರು. ಅವರು ಹೆಸರಿಟ್ಟ ಎಷ್ಟೋ ಜೇಡಗಳು ಇವತ್ತಿಗೂ ಪಟ್ಟಿಯಲ್ಲಿವೆ.

ಆದರೂ ನನ್ನ ಮನಸ್ಸು ಹಿಡಿದದ್ದು ಒಂದು ಹಕ್ಕಿ. ಸ್ಟೋಲ್ಜ್‌ಮನ್ ಉತ್ತರ ಪೆರುವಿನ ಟುಂಬೆಸ್ ಕಡೆಯಿಂದ ಕೋಳಿಗಳ ದೂರದ ನೆಂಟನಂಥ ಒಂದು ದೊಡ್ಡ ಹಕ್ಕಿಯನ್ನು ಕಳಿಸಿದ್ದ. ಗ್ವಾನ್ ಅನ್ನುವ ಜಾತಿ ಅದು. ಮೈಯೆಲ್ಲ ಕಂದು, ರೆಕ್ಕೆ ತುದಿಯ ಗರಿಗಳು ಮಾತ್ರ ಬಿಳಿ. ತಚನೋವ್ಸ್ಕಿ ಅದಕ್ಕೆ ಪೆನೆಲೋಪೆ ಆಲ್ಬಿಪೆನ್ನಿಸ್, ಬಿಳಿ ರೆಕ್ಕೆಯದ್ದು, ಅಂತ ಹೆಸರಿಟ್ಟು 1878ರಲ್ಲಿ ಪ್ರಕಟಿಸಿದರು. ಅಲ್ಲಿಗೆ ಹಕ್ಕಿ ಮಾಯ! ಸಂಗ್ರಹಾಲಯಗಳಲ್ಲಿ ಅದರ ಮೂರೇ ಮೂರು ಚರ್ಮಗಳು. ಅದಾದ ಮೇಲೆ ಸುಮಾರು ನೂರು ವರ್ಷ ವಿಜ್ಞಾನಿಗಳ್ಯಾರೂ ಅದನ್ನು ಜೀವಂತ ಕಾಣಲಿಲ್ಲ. ನಿರ್ನಾಮವಾಗಿದೆ ಅಂತಲೇ ಬಗೆದರು.

ಪೆರುವಿನ ಗುಸ್ತಾವೊ ದೆಲ್ ಸೋಲಾರ್ ಎಂಬುವರು ಬಿಡಲಿಲ್ಲ. ಸ್ಥಳೀಯರ ನೆರವಿನಿಂದ ಬೆಟ್ಟದ ತಪ್ಪಲಿನ ಒಣ ಕಣಿವೆಗಳನ್ನು ಹುಡುಕಿದರು. 1977ರಲ್ಲಿ ಹಕ್ಕಿ ಸಿಕ್ಕಿತು, ಜೀವಂತ. ಅದೇ ಬಿಳಿ ರೆಕ್ಕೆ. ಮುಂದೆ ಅದನ್ನು ಸಾಕಿ ಮರಿ ಮಾಡಿಸಿದರು. ಚಪರ್ರಿ ಎಂಬ ರಕ್ಷಿತ ಕಾಡಿಗೆ ಕೆಲವನ್ನು ಬಿಟ್ಟೂ ಇದ್ದಾರೆ. ಯೋಚನೆ ಮಾಡಿ, ನೂರು ವರ್ಷದ ಹಿಂದೆ ಒಬ್ಬ ಸತ್ತ ಹಕ್ಕಿಯ ಗರಿ ಎಣಿಸಿ ಬರೆದಿಡದೆ ಇದ್ದಿದ್ದರೆ, "ಕಳೆದುಹೋಗಿದೆ" ಅಂತ ಹುಡುಕಲಾದರೂ ಯಾರಿಗೆ ತೋಚುತ್ತಿತ್ತು?

ಪೆರುವಿನ ಹಕ್ಕಿಗಳ ಬಗ್ಗೆ ಅವರ ದೊಡ್ಡ ಗ್ರಂಥ 1884ರಿಂದ 1886ರ ನಡುವೆ ಫ್ರೆಂಚ್ ಭಾಷೆಯಲ್ಲಿ ಬಂತು. ದಿಬೋವ್ಸ್ಕಿ ಮೊದಲಾದವರ ಸಂಗ್ರಹದಿಂದ ಬರೆದ ಪೂರ್ವ ಸೈಬೀರಿಯಾದ ಹಕ್ಕಿಗಳ ಗ್ರಂಥ ಮಾತ್ರ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ. ಅದನ್ನು ಅವರು ಕೈಯಲ್ಲಿ ಹಿಡಿದು ನೋಡಲಿಲ್ಲ. ಒಂದು ಮಾತು ಮಾತ್ರ ನನಗೆ ಚುಚ್ಚುತ್ತೆ. ಯೆಲ್ಸ್ಕಿ, ಸ್ಟೋಲ್ಜ್‌ಮನ್ ಹೆಸರಾದರೂ ನಮಗೆ ಗೊತ್ತು. ಆ ಕಾಡಲ್ಲಿ ಅವರಿಗೆ ದಾರಿ ತೋರಿಸಿದವರು, ಹೊರೆ ಹೊತ್ತವರು, "ಆ ಹಕ್ಕಿ ಬೆಳಗಿನ ಜಾವ ಆ ಮರಕ್ಕೆ ಬರುತ್ತೆ" ಅಂದವರು? ಅವರ ಹೆಸರು ಯಾವ ಚೀಟಿಯಲ್ಲೂ ನನಗೆ ಸಿಗಲಿಲ್ಲ.

ಇನ್ನು ಆ ಜೇಡಕ್ಕೆ ಬರೋಣ. 1879ರಲ್ಲಿ ಕೈಸರ್ಲಿಂಗ್ ಎಂಬ ಜೇಡ ತಜ್ಞ ಗೌರವದಿಂದ ಇಟ್ಟ ಹೆಸರು ಅದು. ಚಕ್ರದಂಥ ಬಲೆ ನೇಯುವ ಜೇಡಗಳ ಕುಟುಂಬದಲ್ಲೇ ಹುಟ್ಟಿದ್ದರೂ ಇದು ಬಲೆ ನೇಯುವುದಿಲ್ಲ. ರಾತ್ರಿ ನೂಲಿಗೆ ಜೋತುಬಿದ್ದು ಮುಂಗಾಲು ಚಾಚಿ ಕಾಯುತ್ತದೆ. ಹೆಣ್ಣು ಪತಂಗದ ವಾಸನೆಯನ್ನೇ ಹೋಲುವ ವಾಸನೆ ಬೀರುತ್ತದೆ ಅಂತ ತಜ್ಞರ ಅಂದಾಜು. ಮರುಳಾಗಿ ಹತ್ತಿರ ಬಂದ ಗಂಡು ಪತಂಗವನ್ನು ಉಗುರಿನಿಂದ ಗಬಕ್ಕನೆ ಹಿಡಿಯುತ್ತದೆ. ಕೂತಲ್ಲಿಗೇ ಎಲ್ಲ ಬರುವಂತೆ ಮಾಡಿಕೊಂಡ ಜೇಡಕ್ಕೆ ಈ ಮನುಷ್ಯನ ಹೆಸರು ಸಿಕ್ಕಿದ್ದು ಕಾಕತಾಳೀಯವೇ ಇರಬೇಕು. ಅದು ಹೀಗೆ ಬೇಟೆಯಾಡುತ್ತೆ ಅಂತ ಕೈಸರ್ಲಿಂಗ್ ಕಾಲಕ್ಕೆ ಯಾರೂ ನೋಡಿರಲಿಲ್ಲ.

ಗುಳುಮುಳುಕಕ್ಕೆ ಹೆಸರಿಟ್ಟವರಲ್ಲಿ ಒಬ್ಬ, ಅದೇ ಸ್ಟೋಲ್ಜ್‌ಮನ್. 1894ರಲ್ಲಿ, ಗುರು ತೀರಿಕೊಂಡು ನಾಲ್ಕು ವರ್ಷಕ್ಕೆ. ಕೆಂಪು ಕಣ್ಣು, ಬೂದು ಬೆನ್ನು, ಬಿಳಿ ಹೊಟ್ಟೆ, ಚೂಪಾದ ಉದ್ದ ಕೊಕ್ಕು. ಪುಟ್ಟ ಮೀನು ಹಿಡಿದು ತಿನ್ನುತ್ತೆ. ಒಂದು ಕಾಲಕ್ಕೆ ಆ ಸರೋವರದಲ್ಲಿ ಅವು ಬೇಕಾದಷ್ಟಿದ್ದವು. ಆಮೇಲೆ ಮೇಲ್ಭಾಗದ ಗಣಿಗಳ ಕೊಳೆ ಬಂದು ನೀರಿಗೆ ಸೇರಿತು. ವಿದ್ಯುತ್ತಿಗಾಗಿ ಅಣೆಕಟ್ಟಿನಿಂದ ನೀರನ್ನು ಏರಿಸಿ ಇಳಿಸತೊಡಗಿದರು. ನೀರಿಳಿದಾಗ ಗೂಡು ಕಟ್ಟುವ ಜೊಂಡೆಲ್ಲ ಒಣ ನೆಲ. ನಮ್ಮ ಗುಳುಮುಳುಕವಾದರೆ ಈ ಕೆರೆ ಬತ್ತಿದರೆ ಇನ್ನೊಂದು ಕೆರೆಗೆ ರಾತ್ರೋರಾತ್ರಿ ಹಾರಿ ಹೋಗುತ್ತದೆ. ಅದು ಎಲ್ಲಿಗೆ ಹೋದೀತು? ಸರೋವರವನ್ನು 1974ರಲ್ಲೇ ರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಆದರೂ ಈಗ ಉಳಿದಿರುವುದು ಕೆಲವು ನೂರು ಹಕ್ಕಿಗಳು ಮಾತ್ರ.

ಹೋದ ಭಾನುವಾರ ಬೆಳಿಗ್ಗೆ ನಮ್ಮ ಕೆರೆ ಏರಿ ಮೇಲೆ ಒಂದು ಗಂಟೆ ಕೂತಿದ್ದೆ. ನಾಲ್ಕು ಗುಳುಮುಳುಕ, ಅದರಲ್ಲಿ ಎರಡು ಮರಿ. ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡೆ. ನಿಮ್ಮೂರ ಕೆರೆಯಲ್ಲೂ ಕಂಡರೆ ನನಗೆ ಬರೆದು ತಿಳಿಸಿ. ಊರಿನ ಹೆಸರು, ತಾರೀಖು ಮಾತ್ರ ಮರೀಬೇಡಿ.