ಎ. ಸಿ. ಗಾರ್ಡ್ಸ್ ಎಂಬ ಹೆಸರಿನ ಹಿಂದೆ

ಮಾಸಾಬ್ ಟ್ಯಾಂಕಿನ ಮಾರ್ಗವಾಗಿ ಶಾಲೆಗೆ ಬರುವ ನಮ್ಮ ಸಹಪಾಠಿಗಳು ‘ಎ. ಸಿ. ಗಾರ್ಡ್ಸ್’ ಎಂಬ ಬಡಾವಣೆಯನ್ನು ನಿತ್ಯವೂ ದಾಟಿ ಬರುತ್ತಾರೆ. ಆ ಎರಡು ಅಕ್ಷರಗಳ ಅರ್ಥವೇನೆಂಬ ಪ್ರಶ್ನೆ ತರಗತಿಯಲ್ಲಿ ಬಂದಾಗ ನಮ್ಮಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಕೊಠಡಿಯನ್ನು ತಂಪುಗೊಳಿಸುವ ಯಂತ್ರವಿರಬೇಕೆಂದು ಒಬ್ಬನು ಹೇಳಲು ಎಲ್ಲರೂ ನಕ್ಕೆವು. ಅದು ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’, ಅಂದರೆ ಆಫ್ರಿಕಾ ಮೂಲದ ಕುದುರೆ ಸವಾರರ ಕಾವಲುಪಡೆ, ಎಂಬುದನ್ನು ಅನಂತರ ಗುರುಗಳಿಂದ ತಿಳಿದೆವು.

ವನಪರ್ತಿ ಸಂಸ್ಥಾನದ ರಾಜರಲ್ಲಿದ್ದ ಆಫ್ರಿಕದ ಅಂಗರಕ್ಷಕರು ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮರ ಸೇವೆಗೆ ಬಂದರೆಂದು ಹಿರಿಯರು ಹೇಳುವರು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಆ ಪಡೆ ವಿಸರ್ಜಿತವಾಯಿತು. ಪಡೆ ಹೋಯಿತು, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಉಳಿದರು. ಈ ಸಿದ್ದಿಗಳೂ ಅರಬರೂ ನಗರಕ್ಕೆ ತಂದ ಮರ್ಫಾ ವಾದ್ಯದ ಗತಿಗೆ ನಮ್ಮ ಎಷ್ಟೋ ಮದುವೆಯ ಮೆರವಣಿಗೆಗಳು ಹೆಜ್ಜೆ ಹಾಕಿವೆ. ವಾದ್ಯವನ್ನು ಕೇಳಿದೆವು, ನುಡಿಸುವವರು ಯಾರೆಂದು ಕೇಳಲಿಲ್ಲ.

ಕೇಳದೆ ಇದ್ದುದಷ್ಟೇ ನಮ್ಮ ತಪ್ಪಲ್ಲ. ಮೈಬಣ್ಣ ಕಪ್ಪಾಗಿರುವ ಗೆಳೆಯನನ್ನು ‘ಹಬ್ಶಿ’ ಎಂದು ಕೂಗಿ ಆಟದ ಬಯಲಿನಲ್ಲಿ ನಕ್ಕವರು ನಾವೇ. ಅವನು ನಮ್ಮೊಡನೆ ನಕ್ಕನು. ಮರುದಿನ ಆಟಕ್ಕೆ ಬರಲಿಲ್ಲ. ಆ ಶಬ್ದಕ್ಕೆ ಅಬಿಸೀನಿಯ ದೇಶದವನೆಂಬುದಕ್ಕಿಂತ ಬೇರೆ ಅರ್ಥವಿಲ್ಲ. ಅದನ್ನು ಬೈಗುಳವಾಗಿಸಿದುದು ನಮ್ಮ ಅಜ್ಞಾನ.

ಇಂತಹ ಅಜ್ಞಾನಕ್ಕೆ ಔಷಧವೇನೆಂಬುದನ್ನು ಅಮೇರಿಕದ ಒಬ್ಬ ವಿದ್ವಾಂಸರು ಬಹಳ ಹಿಂದೆಯೇ ಯೋಚಿಸಿದ್ದರು. ಕಾರ್ಟರ್ ವುಡ್‌ಸನ್ನರ ತಂದೆತಾಯಿಗಳು ಗುಲಾಮರಾಗಿದ್ದವರು. ಕಲ್ಲಿದ್ದಲ ಗಣಿಯಲ್ಲಿ ದುಡಿದು ಓದಿದ ಆತನು 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಯನ್ನು ಪಡೆದರು. ತಮ್ಮ ಜನರ ಸಾಧನೆಗೆ ಪಠ್ಯಪುಸ್ತಕಗಳಲ್ಲಿ ಸ್ಥಳವಿಲ್ಲದುದನ್ನು ಕಂಡು, 1926ರಲ್ಲಿ ಫೆಬ್ರವರಿಯ ಒಂದು ವಾರವನ್ನು ಆ ಇತಿಹಾಸದ ಅಧ್ಯಯನಕ್ಕಾಗಿ ಮೀಸಲಿಡಿಸಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಮತ್ತು ಅಧ್ಯಕ್ಷ ಲಿಂಕನ್ನರ ಜನ್ಮದಿನಗಳನ್ನು ಆ ವಾರದಲ್ಲಿ ಆಚರಿಸುತ್ತಿದ್ದರು. 1976ರಿಂದ ಆ ವಾರವು ಇಡೀ ತಿಂಗಳಾಯಿತು. ತನ್ನ ಹಿಂದಿನವರು ಏನನ್ನೂ ಸಾಧಿಸಲಿಲ್ಲವೆಂದು ನಂಬಿದ ಬಾಲಕನು ತಾನೂ ಸಾಧಿಸಲಾರೆನೆಂದು ಕುಗ್ಗುವನು; ನೆರೆಯವನೂ ಅವನನ್ನು ಕೀಳಾಗಿ ಕಾಣುವನು. ಇತಿಹಾಸದ ಪಾಠವು ಇಬ್ಬರಿಗೂ ಬೇಕು.

ನಮ್ಮ ದಖ್ಖನ್ನಿನಲ್ಲಿ ಅಂತಹ ಪಾಠಕ್ಕೆ ವಿಷಯದ ಕೊರತೆಯಿಲ್ಲ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಬಂದ ಮಲಿಕ್ ಅಂಬರನು ಅಹಮದನಗರ ರಾಜ್ಯದ ಸೂತ್ರಧಾರನಾದನು. 1626ರಲ್ಲಿ ಮಡಿಯುವವರೆಗೂ ಮೊಗಲರ ಪ್ರಬಲ ಸೈನ್ಯವನ್ನು ಎದುರಿಸಿ ನಿಂತನು. ಆತನು 1610ರಲ್ಲಿ ಕಟ್ಟಿದ ಖಡಕಿ ನಗರವೇ ಮುಂದೆ ಔರಂಗಾಬಾದಾಯಿತು; ನೆಲದೊಳಗಿನ ಕಾಲುವೆಗಳಿಂದ ಅದಕ್ಕೆ ನೀರುಣಿಸಿದವನೂ ಅವನೇ. ಕನ್ನಡ ನಾಡಿನ ಬಿಜಾಪುರದಲ್ಲಿ, ಮಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ, ಆಫ್ರಿಕ ಮೂಲದ ಇಖ್ಲಾಸ್ ಖಾನನು ಮಂತ್ರಿಪದವಿಯನ್ನೇರಿದನು.

ಇವರು ಕೆಲವೇ ಮಂದಿ, ಇವರಿಗಾಗಿ ಇಷ್ಟು ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ನಮ್ಮ ಬಾಯಲ್ಲಿ ಶೋಭಿಸದು. ಹೈದರಾಬಾದಿನ ಕನ್ನಡಿಗರಾದ ನಾವೂ ಕೆಲವೇ ಮಂದಿ. ಇಲ್ಲಿ ಕನ್ನಡ ಶಾಲೆಯೂ ಉಂಟೇ ಎಂದು ಯಾರಾದರೂ ಕೇಳಿದಾಗ ನಮ್ಮ ಮನಸ್ಸು ನೋಯುವುದಿಲ್ಲವೇ? ಮೇಲಾಗಿ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಗಳು ನಮ್ಮ ನಾಡಿನವರೇ. ಅವರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸ್ವಾತಂತ್ರ್ಯ ಬಂದು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬಂದ ಈ ಗೌರವಕ್ಕೆ ನಾವು ಹರ್ಷಪಡಬೇಕು. ಇಷ್ಟು ತಡವಾಯಿತಲ್ಲಾ ಎಂದು ನಾಚಲೂ ಬೇಕು.

ಆದುದರಿಂದ ನಮ್ಮದೊಂದು ಸೂಚನೆ. ಪ್ರತಿ ವರ್ಷವೂ ಫೆಬ್ರವರಿಯಲ್ಲಿ ಒಂದು ದಿನ ನಮ್ಮ ಶಾಲೆಯ ಚರ್ಚಾಕೂಟವು ಈ ವಿಷಯಕ್ಕೆ ಮೀಸಲಾಗಲಿ. ಎ. ಸಿ. ಗಾರ್ಡ್ಸಿನ ಹಿರಿಯರೊಬ್ಬರನ್ನು ಗೌರವದಿಂದ ಆಹ್ವಾನಿಸಿ ಅವರ ಮನೆತನದ ನೆನಪುಗಳನ್ನು ಅವರ ಬಾಯಿಂದಲೇ ಕೇಳೋಣ. ಕೇಳಿದುದನ್ನು ಕನ್ನಡದಲ್ಲಿ ಬರೆದು ಈ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಅದಕ್ಕೂ ಮೊದಲು ಮಾಡತಕ್ಕ ಕಾರ್ಯವೊಂದುಂಟು. ಆಟಕ್ಕೆ ಬಾರದೆ ಹೋದ ಆ ಗೆಳೆಯನ ಬಳಿಗೆ ಹೋಗಿ ತಪ್ಪಾಯಿತೆಂದು ಹೇಳಿ, ಅವನನ್ನು ಹೆಸರು ಹಿಡಿದು ಆಟಕ್ಕೆ ಕರೆಯೋಣ.