ಕಟಕಟೆಯ ಹಿಂದಿನ ಕಚೇರಿ

ನ್ಯಾಯಾಲಯವೆಂದರೆ ನ್ಯಾಯಾಧೀಶರು, ವಕೀಲರು, ಕಟಕಟೆ. ಸಿನಿಮಾಗಳು ಮಕ್ಕಳಿಗೆ ತೋರಿಸುವುದು ಇಷ್ಟೇ. ಶಿರಸ್ತೇದಾರರು ಅಲ್ಲಿ ಕಾಣುವುದೇ ಇಲ್ಲ. ಕರ್ನಾಟಕದ ಸಿವಿಲ್ ನ್ಯಾಯಾಲಯಗಳಲ್ಲಿ ಹೊಸ ದಾವೆಯ ಕಾಗದಗಳನ್ನು ಮೊದಲು ಪರಿಶೀಲಿಸುವುದು ಅವರ ವಿಭಾಗ: ಶುಲ್ಕ ಸರಿಯಿದೆಯೇ? ಕಾಲಮಿತಿ ಮೀರಿದೆಯೇ? ಸಮನ್ಸ್ ಮುಟ್ಟಿಸುವವರು ಜನರ ಬಾಯಲ್ಲಿ 'ಅಮೀನ'ರಾದ ಆದೇಶ ಜಾರಿಕಾರರು. ಪ್ರತಿವಾದಿಗೆ ಅದು ಮುಟ್ಟಲಿಲ್ಲವೋ, ಎಂಥ ನ್ಯಾಯಾಧೀಶರಿದ್ದರೂ ವಿಚಾರಣೆ ಮುಂದಕ್ಕೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ಕಕ್ಷಿದಾರ ಇನ್ನೊಂದು ತಾರೀಖು ಬರೆದುಕೊಂಡು ಹಿಂದಿರುಗಬೇಕು. ವಿಳಂಬಕ್ಕೆ ನ್ಯಾಯಾಧೀಶರನ್ನಷ್ಟೇ ದೂರುವವರಿಗೆ ಇದು ಹೊಳೆಯುವುದಿಲ್ಲ.

ಜಿಲ್ಲೆಯಲ್ಲಿ ಈ ಆಡಳಿತದ ಹೊಣೆ ಪ್ರಧಾನ ಜಿಲ್ಲಾ ನ್ಯಾಯಾಧೀಶರದು; ಮೇಲೆ, ಸಂವಿಧಾನದ 235ನೇ ವಿಧಿಯಂತೆ, ಹೈಕೋರ್ಟಿನ ನಿಯಂತ್ರಣ. ಕಾನೂನು ಪದವಿ ಇಲ್ಲದೆಯೂ ಈ ಕಚೇರಿ ಸೇರಬಹುದು. ಬೆರಳಚ್ಚುಗಾರ, ಶೀಘ್ರಲಿಪಿಗಾರ ಹುದ್ದೆಗಳಿಗೆ ಆಯಾ ಜಿಲ್ಲಾ ನ್ಯಾಯಾಲಯವೇ ಅರ್ಜಿ ಕರೆಯುತ್ತದೆ. ಕನ್ನಡ ಬೆರಳಚ್ಚು ಮಾತ್ರ ಚೆನ್ನಾಗಿ ಬರಬೇಕು.