ಮರಿಗಳ ಲೆಕ್ಕ ಯಾರ ಕೈಯಲ್ಲಿ?

ಸಂಘದ ವಾರ್ಷಿಕ ಸಭೆ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಹಿರಿಯ ಸದಸ್ಯರೊಬ್ಬರು ಒಂದು ಮಾತು ಆಡಿದರು. “ಕೋಳಿ ಸಾಕುವವರ ಗೋಳು ಅವರೇ ತಂದುಕೊಂಡದ್ದು. ದರ ಏರಿತೆಂದರೆ ಎಲ್ಲರೂ ಒಮ್ಮೆಲೇ ಮರಿ ತುಂಬುತ್ತಾರೆ. ದರ ಇಳಿದರೆ ಸರ್ಕಾರದ ಬಾಗಿಲು ಬಡಿಯುತ್ತಾರೆ.” ಪಂಕ್ತಿಯಲ್ಲಿದ್ದ ಹಲವರು ತಲೆದೂಗಿದರು. ನಾನೂ ಸುಮ್ಮನಿದ್ದೆ. ಆ ಮೌನ ನನ್ನನ್ನು ಚುಚ್ಚುತ್ತಿರುವುದರಿಂದ ಈ ಉತ್ತರವನ್ನು ಬರೆಯುತ್ತಿದ್ದೇನೆ. ಸಾಹಿತ್ಯ, ಗಡಿ, ಭಾಷೆಗಳ ಚರ್ಚೆಗೆ ಮೀಸಲಾದ ಪುಟಗಳಲ್ಲಿ ಕೋಳಿಮರಿಗೇನು ಕೆಲಸವೆಂದು ಕೇಳುವವರು ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

ನಾನು ಬೆಳಗಾವಿ ಜಿಲ್ಲೆಯ ಹುಕ್ಕೇರಿ ಕಡೆಯವನು. ಪುಣೆಗೆ ಬಂದು ಮೂರೂವರೆ ದಶಕಗಳಾದವು. ಬ್ಯಾಂಕೊಂದರ ಕೃಷಿಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದೆ. ಕೋಳಿ ಶೆಡ್ಡಿಗೆ ಸಾಲ ಬೇಡಿ ಬಂದ ಎಷ್ಟೋ ಅರ್ಜಿಗಳ ಮೇಲೆ ‘ವರ್ಷಕ್ಕೆ ಆರು ಬ್ಯಾಚು’ ಎಂಬ ಅಂದಾಜನ್ನು ನನ್ನ ಕೈಯಾರೆ ಬರೆದಿದ್ದೇನೆ. ಅದೇ ಅಂದಾಜನ್ನು ನಂಬಿಸಿ, ಊರಿನಲ್ಲಿದ್ದ ನನ್ನ ತಮ್ಮನಿಂದಲೂ ಐದು ಸಾವಿರ ಕೋಳಿಗಳ ಶೆಡ್ಡು ಕಟ್ಟಿಸಿದೆ. ಆದ್ದರಿಂದ ಇಲ್ಲಿ ನಾನು ಸಾಕ್ಷಿಯೂ ಹೌದು, ಆರೋಪಿಯೂ ಹೌದು.

ಆ ಅಂದಾಜಿನ ಗಣಿತ ಸರಳವಾದುದು. ಮಾಂಸದ ಕೋಳಿ ಸುಮಾರು 40 ದಿನಗಳಲ್ಲಿ ಎರಡು ಕಿಲೋ ತೂಗುತ್ತದೆ. ಶೆಡ್ಡು ತೊಳೆದು, ಸುಣ್ಣ ಬಳಿದು, ಹೊಸ ಹೊಟ್ಟು ಹಾಸಿ ಮತ್ತೆ ಮರಿ ಇಳಿಸಲು ಎರಡು ಮೂರು ವಾರ ಬೇಕು. ಹೀಗೆ ವರ್ಷಕ್ಕೆ ಆರು ಬ್ಯಾಚು. ಈ ಗಣಿತದಲ್ಲಿ ಒಂದು ಅಂಶವನ್ನು ನಾನು ಎಂದೂ ಪ್ರಶ್ನಿಸಲಿಲ್ಲ: ಮರಿ ಬೇಕೆಂದಾಗ ಮರಿ ಬರುತ್ತದೆಯೆ? ಎಷ್ಟು ಮರಿ ಹುಟ್ಟಬೇಕೆಂದು ತೀರ್ಮಾನಿಸುವವರು ಯಾರು?

ನಮ್ಮ ಹಿರಿಯರ ಆರೋಪಕ್ಕೆ ಉತ್ತರವಿರುವುದು ಇಲ್ಲಿಯೇ. ಇಂದು ನಿಮ್ಮ ತಟ್ಟೆಗೆ ಬಂದ ಕೋಳಿಯ ಲೆಕ್ಕ ಎಂಟು ತಿಂಗಳ ಹಿಂದೆಯೇ ನಿಶ್ಚಯವಾಗಿರುತ್ತದೆ. ತಾಯಿಕೋಳಿಗಳಾಗಬೇಕಾದ ಮರಿಗಳನ್ನು ಸಾಕಣೆಗಿಟ್ಟ ಮೇಲೆ ಅವು ಮೊಟ್ಟೆಯಿಡಲು ಸುಮಾರು 25 ವಾರ ಬೇಕು. ಮೊಟ್ಟೆ ಕಾವುಯಂತ್ರದಲ್ಲಿ 21 ದಿನ ಇರಬೇಕು. ಹೊರಬಂದ ಮರಿ ಬೆಳೆಯಲು ಆರು ವಾರ. ಒಂದೊಂದು ತಾಯಿಕೋಳಿ ತನ್ನ ಆಯುಷ್ಯದಲ್ಲಿ ಸುಮಾರು 140 ಮರಿಗಳನ್ನು ಕೊಡುತ್ತದೆ. ಅವುಗಳ ಹಿಂದೆ ಅಜ್ಜಿಕೋಳಿ, ಮುತ್ತಜ್ಜಿಕೋಳಿಗಳ ಪೀಳಿಗೆಗಳಿವೆ. ಆ ಶುದ್ಧ ತಳಿಗಳೋ ಜಗತ್ತಿನಲ್ಲೇ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿವೆ. ಈ ಸರಪಳಿಯಲ್ಲಿ ರೈತನ ಪಾಲಿಗೆ ಬರುವುದು ಕೊನೆಯ ಆರು ವಾರ ಮಾತ್ರ. ಎಂಟು ತಿಂಗಳ ಹಿಂದೆ ಬೇರೆಯವರು ಮಾಡಿದ ತೀರ್ಮಾನಕ್ಕೆ ಕೊನೆಯ ಆರು ವಾರದವನನ್ನು ದುರಾಸೆಯವನೆಂದು ಹಳಿಯುವುದು ಯಾವ ನ್ಯಾಯ?

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳುಸುದ್ದಿ ಹಬ್ಬಿ, ಮೇವಿನ ಖರ್ಚೂ ಹುಟ್ಟದ ಮಟ್ಟಕ್ಕೆ ದರ ಕುಸಿಯಿತು. ನಮ್ಮ ನೆರೆಯ ಗೋಕಾಕ ತಾಲ್ಲೂಕಿನಲ್ಲಿ ರೈತನೊಬ್ಬ ಸುಮಾರು 6,000 ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂಳಿದ. ಸುದ್ದಿ ಸುಳ್ಳೆಂದು ತಿಳಿಯುವಷ್ಟರಲ್ಲಿ ಹ್ಯಾಚರಿಗಳು ಕಾವಿಗಿಡುವ ಮೊಟ್ಟೆಗಳನ್ನು ಇಳಿಸಿದ್ದವು. ಎರಡೇ ತಿಂಗಳಲ್ಲಿ ಮಾರುಕಟ್ಟೆಯಲ್ಲಿ ಕೋಳಿ ಸಾಲದೆ ದರ ಗಗನಕ್ಕೇರಿತು. ಆದರೆ ಮಾರ್ಚ್‌ನಲ್ಲಿ ಕೋಳಿಯನ್ನು ಹೂಳಿದವನ ಶೆಡ್ಡಿನಲ್ಲಿ ಮೇ ತಿಂಗಳಿಗೆ ಮಾರಲು ಏನಿರುತ್ತದೆ? ನಷ್ಟ ಕಟ್ಟಿಕೊಂಡವನೊಬ್ಬ, ಏರಿದ ದರ ಉಂಡವನು ಇನ್ನೊಬ್ಬ.

“ಈಗ ಎಲ್ಲವೂ ಗುತ್ತಿಗೆ ಸಾಕಣೆ. ಮರಿ, ಮೇವು, ಔಷಧ ಕಂಪನಿಯದೇ. ರೈತನಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಮಾರುಕಟ್ಟೆಯ ಅಪಾಯ ಅವನಿಗಿಲ್ಲ” ಎಂಬ ವಾದವನ್ನು ಬಲ್ಲೆ. ಅದರಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪುತ್ತೇನೆ. ದರ ಕುಸಿದ ದಿನ ನನ್ನ ತಮ್ಮ ಕೋಳಿ ಹೂಳಬೇಕಾಗಲಿಲ್ಲ. ಆದರೆ ದರ ಕುಸಿದಾಗ ಕಂಪನಿ ಮರಿ ಕಡಿಮೆ ಮಾಡುತ್ತದೆ. ಬ್ಯಾಚಿನಿಂದ ಬ್ಯಾಚಿಗೆ ಇರಬೇಕಾದ ಹದಿನೈದು ದಿನಗಳ ಅಂತರ ನಲವತ್ತು ದಿನವಾಗುತ್ತದೆ. ಆರು ಬ್ಯಾಚು ನಾಲ್ಕಾಗುತ್ತದೆ. ಶೆಡ್ಡು ಅವನದು, ಸಾಲ ಅವನದು, ಬಡ್ಡಿ ತಿಂಗಳು ತಿಂಗಳು ಅವನದೇ. ದರದ ಅಪಾಯವನ್ನು ಕಂಪನಿ ವಹಿಸಿಕೊಂಡಿತು, ಖಾಲಿ ಶೆಡ್ಡಿನ ಅಪಾಯವನ್ನು ರೈತನ ತಲೆಗೆ ಕಟ್ಟಿತು. ಹೋದ ಯುಗಾದಿಗೆ ಊರಿಗೆ ಹೋದಾಗ ತಮ್ಮ ಕೇಳಿದ: “ಅಣ್ಣಾ, ಮುಂದಿನ ಬ್ಯಾಚು ಯಾವಾಗ ಅಂತ ನಿನ್ನ ಬ್ಯಾಂಕಿನವರಿಗಾದರೂ ಗೊತ್ತೇನು?” ನನ್ನ ಬಳಿ ಉತ್ತರವಿರಲಿಲ್ಲ.

ಈ ಉತ್ತರ ಸಿಗಬಾರದ ರಹಸ್ಯವೇನೂ ಅಲ್ಲ. ಅಮೆರಿಕದಲ್ಲಿ ಅಲ್ಲಿನ ಕೃಷಿ ಇಲಾಖೆ ಪ್ರತಿ ಬುಧವಾರ ಒಂದು ಪಟ್ಟಿ ಪ್ರಕಟಿಸುತ್ತದೆ. ಪ್ರಮುಖ 19 ರಾಜ್ಯಗಳ ಹ್ಯಾಚರಿಗಳಲ್ಲಿ ಆ ವಾರ ಕಾವಿಗಿಟ್ಟ ಮೊಟ್ಟೆಗಳೆಷ್ಟು, ಸಾಕಣೆಗೆ ಇಳಿಸಿದ ಮರಿಗಳೆಷ್ಟು ಎಂಬುದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಇಂದಿನ ಮೊಟ್ಟೆಯ ಲೆಕ್ಕ ನೋಡಿ ಒಂಬತ್ತು ವಾರಗಳ ಮುಂದಿನ ಮಾರುಕಟ್ಟೆಯನ್ನು ಊಹಿಸಬಹುದು. ಹೀಗೆ ಎಣಿಸಿದ್ದರಿಂದಲೇ ಅಲ್ಲಿ ಇನ್ನೊಂದು ಸತ್ಯವೂ ಬೆಳಕಿಗೆ ಬಂತು. ಹಿಂದೆ ಕಾವಿಗಿಟ್ಟ ನೂರು ಮೊಟ್ಟೆಗಳಲ್ಲಿ 80ಕ್ಕೂ ಸಾಕಷ್ಟು ಹೆಚ್ಚು ಮರಿಯಾಗುತ್ತಿದ್ದವು. ಈಚಿನ ವರ್ಷಗಳಲ್ಲಿ ಆ ಪ್ರಮಾಣ 80ರ ಆಸುಪಾಸಿಗೆ ಇಳಿದಿದೆ. ಅಷ್ಟೇ ಮರಿ ಪಡೆಯಲು ಹೆಚ್ಚು ಮೊಟ್ಟೆ ಕಾವಿಗಿಡಬೇಕಾಗಿದೆ.

ನಮ್ಮಲ್ಲಿ ಏನಿದೆ? ಜಾನುವಾರು ಗಣತಿ ಇದೆ. 2019ರ ಗಣತಿ ದೇಶದಲ್ಲಿ 85 ಕೋಟಿ ಕೋಳಿ-ಬಾತುಗಳಿವೆಯೆಂದು ಹೇಳಿತು. ಅದರ ಹಿಂದಿನದು 2012ರಲ್ಲಿ ನಡೆದಿತ್ತು. ಆ ಏಳು ವರ್ಷಗಳಲ್ಲಿ ಒಂದೇ ಶೆಡ್ಡಿನಲ್ಲಿ ನಲವತ್ತು ಬ್ಯಾಚುಗಳು ಬಂದು ಹೋಗಿರಬಹುದು. 40 ದಿನ ಬದುಕುವ ಜೀವಿಯನ್ನು ಏಳು ವರ್ಷಕ್ಕೊಮ್ಮೆ ಎಣಿಸಿದರೆ ರೈತನಿಗೆ ಅದರಿಂದೇನು ಪ್ರಯೋಜನ?

“ಲೆಕ್ಕ ಬಯಲಾದರೆ ವ್ಯಾಪಾರದ ಗುಟ್ಟು ಬಯಲಾಗುತ್ತದೆ, ಕಂಪನಿಗಳು ಒಳಸಂಚು ಹೂಡಿ ದರ ಏರಿಸುತ್ತವೆ” ಎಂಬ ಆಕ್ಷೇಪಣೆಯೂ ಇದೆ. ರಾಜ್ಯವಾರು ಒಟ್ಟು ಮೊತ್ತವನ್ನು ಪ್ರಕಟಿಸಿದರೆ ಯಾವ ಒಬ್ಬ ಕಂಪನಿಯ ಗುಟ್ಟೂ ಬಯಲಾಗದು. ಒಳಸಂಚಿನ ಭಯಕ್ಕೆ ಅಮೆರಿಕದ ಅನುಭವವೇ ಉತ್ತರ. ಕೋಳಿ ಕಂಪನಿಗಳು ಉತ್ಪಾದನೆ ತಗ್ಗಿಸಿ ದರ ಏರಿಸಿದವೆಂಬ ವ್ಯಾಜ್ಯಗಳು ಅಲ್ಲಿ 2016ರಲ್ಲಿ ಆರಂಭವಾದವು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ಮಾಹಿತಿ ಸಂಸ್ಥೆಯೊಂದರ ಮೇಲೆ ದಾವೆ ಹೂಡಿತು. ಕಂಪನಿಗಳು ತಮ್ಮತಮ್ಮಲ್ಲೇ ಖಾಸಗಿಯಾಗಿ ಲೆಕ್ಕ ಹಂಚಿಕೊಳ್ಳಲು ಅದು ನೆರವಾಯಿತೆಂಬುದು ಆರೋಪ. ಅಲ್ಲಿ ಪ್ರಶ್ನೆಗೊಳಗಾದುದು ರೈತನಿಗೂ ಗ್ರಾಹಕನಿಗೂ ಕಾಣದಂತೆ ಹಂಚಿಕೊಂಡ ಲೆಕ್ಕ. ಬುಧವಾರದ ಸರ್ಕಾರಿ ಪಟ್ಟಿಯ ಮೇಲೆ ಯಾರೂ ದಾವೆ ಹೂಡಲಿಲ್ಲ. ದೊಡ್ಡವರಿಗೆ ಲೆಕ್ಕ ಹೇಗೂ ತಿಳಿಯುತ್ತದೆ; ಮುಚ್ಚಿಡುವುದರಿಂದ ಕತ್ತಲಲ್ಲಿ ಉಳಿಯುವವನು ಚಿಕ್ಕವನೊಬ್ಬನೇ.

ಈ ಉದ್ಯಮವನ್ನು ದ್ವೇಷಿಸಿ ನಾನಿದನ್ನು ಬರೆಯುತ್ತಿಲ್ಲ. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಸ್ಥಾಪಿಸಿದ ಬಿ.ವಿ. ರಾವ್ ಅವರು, ಮಧ್ಯವರ್ತಿಗಳು ಹೇಳಿದ್ದೇ ದರವಾಗಿದ್ದ ಕಾಲದಲ್ಲಿ ರೈತರನ್ನು ಸಂಘಟಿಸಿದರು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಇಂದಿಗೂ ಊರೂರಿನ ಮೊಟ್ಟೆಯ ದರ ದಿನದಿನವೂ ಪ್ರಕಟವಾಗುತ್ತದೆ. ಮೊಟ್ಟೆಯ ದರವನ್ನು ನಿತ್ಯ ಬಹಿರಂಗಪಡಿಸಬಲ್ಲ ದೇಶಕ್ಕೆ ಮರಿಯ ಸಂಖ್ಯೆಯನ್ನು ವಾರಕ್ಕೊಮ್ಮೆ ಬಹಿರಂಗಪಡಿಸುವುದು ಅಸಾಧ್ಯವೆ?

ನನ್ನ ಬೇಡಿಕೆಗಳು ಮೂರು. ದೊಡ್ಡ ಹ್ಯಾಚರಿಗಳೆಲ್ಲ ವಾರವಾರವೂ ಕಾವಿಗಿಟ್ಟ ಮೊಟ್ಟೆ, ಇಳಿಸಿದ ಮರಿಗಳ ಸಂಖ್ಯೆಯನ್ನು ಪಶುಸಂಗೋಪನಾ ಇಲಾಖೆಗೆ ಒಪ್ಪಿಸಬೇಕು. ಇಲಾಖೆ ಅದನ್ನು ರಾಜ್ಯವಾರು ಕೂಡಿಸಿ ಕನ್ನಡ, ಮರಾಠಿ ಮೊದಲಾದ ರೈತರ ಭಾಷೆಗಳಲ್ಲೇ ಪ್ರಕಟಿಸಬೇಕು. ಗುತ್ತಿಗೆ ಪತ್ರದಲ್ಲಿ ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚು ಎಂಬುದನ್ನು ನಮೂದಿಸಲೇಬೇಕು. ಅಮೆರಿಕದ ಕೃಷಿ ಇಲಾಖೆ ಇಂಥ ನಿಯಮವನ್ನು 2023ರ ನವೆಂಬರ್‌ನಲ್ಲಿ ಹೊರಡಿಸಿತು. ಅದಕ್ಕಿಂತ ಕಡಿಮೆ ಮರಿ ಕೊಟ್ಟರೆ ಖಾಲಿ ಶೆಡ್ಡಿಗೆ ಬಾಡಿಗೆ ಸಲ್ಲಬೇಕು.

ಹೊರನಾಡ ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ? ನಮ್ಮಲ್ಲಿ ಹೆಚ್ಚಿನವರು ಊರಿನ ಹೊಲಕ್ಕೆ, ಶೆಡ್ಡಿಗೆ ಇಲ್ಲಿಂದ ಹಣ ಕಳಿಸುವವರು. ಈ ಉದ್ಯಮದ ದೊಡ್ಡ ತೀರ್ಮಾನಗಳು ನಡೆಯುವ ಪುಣೆ, ಹೈದರಾಬಾದ್‌ಗಳಲ್ಲೇ ವಾಸಿಸುವವರು. ನಮ್ಮಲ್ಲಿ ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ, ಪಶುವೈದ್ಯರಿದ್ದಾರೆ. ರಾಜ್ಯೋತ್ಸವದಂದು ಊರನ್ನು ನೆನೆದು ಕಣ್ಣೀರಿಡುವ ನಾವು, ಊರಿನವನ ಖಾಲಿ ಶೆಡ್ಡಿನ ಬಗ್ಗೆ ಒಂದು ಠರಾವನ್ನಾದರೂ ಅಂಗೀಕರಿಸಬಾರದೆ? ಮುಂದಿನ ಸಭೆಯಲ್ಲಿ ಅದನ್ನು ನಾನು ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಪಂಕ್ತಿಯಲ್ಲಿ ಆ ಮಾತನಾಡಿದ ಹಿರಿಯರೇ ಮುಂದೆ ಬಂದರೆ ನನಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.